ಪಾಪನಿವೇದನೆಯ ಪೀಠದಲ್ಲಿ ನಲವತ್ತೊಂದು ವರ್ಷ: ಆರ್ಸಿನ ಗುರು ಸಂತ ಜಾನ್ ಮರಿಯ ವಿಯಾನ್ನಿ



ಬೆಟ್ಟ ಹತ್ತಿ ಬಂದವರಲ್ಲಿ ಹೆಚ್ಚಿನವರು ನೇರವಾಗಿ ಸ್ವರೂಪದ ಮುಂದೆ ಹೋಗಿ ಮೊಣಕಾಲೂರುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ, ಹರಕೆ ಒಪ್ಪಿಸುತ್ತಾರೆ. ಇನ್ನು ಕೆಲವರು ಪಾಪನಿವೇದನೆಯ ಸಾಲಿನ ಹತ್ತಿರ ಬಂದು, ಸ್ವಲ್ಪ ಹೊತ್ತು ನಿಂತು, ಏನೋ ಯೋಚನೆ ಮಾಡಿ ಹಿಂದಕ್ಕೆ ಸರಿದುಬಿಡುತ್ತಾರೆ. ಪಾಪನಿವೇದನೆ ಮಾಡಿ ಎಷ್ಟೋ ವರ್ಷ ಆಯಿತು, ಈಗ ಹೋಗಿ ಏನು ಹೇಳುವುದು ಅಂತ ಒಬ್ಬರಿಗೆ ನಾಚಿಕೆ. ನಾನು ಮಾಡಿದ್ದಕ್ಕೆಲ್ಲ ಕ್ಷಮೆ ಇದೆಯೇ ಅಂತ ಇನ್ನೊಬ್ಬರಿಗೆ ಭಯ. ಇಂಥವರಿಗಾಗಿಯೇ ಈ ಪುಟಗಳಲ್ಲಿ ಸಂತ ಜಾನ್ ಮರಿಯ ವಿಯಾನ್ನಿಯವರ ಜೀವನವನ್ನು ಹೇಳುತ್ತಿದ್ದೇವೆ. ಇವರು ದೊಡ್ಡ ಪಂಡಿತರಲ್ಲ, ಧರ್ಮಾಧ್ಯಕ್ಷರೂ ಅಲ್ಲ, ಹೊಸ ಸಭೆಯನ್ನೇನೂ ಸ್ಥಾಪಿಸಲಿಲ್ಲ. ಒಂದು ಕುಗ್ರಾಮದ ಗುರು. ಆದರೆ ಅವರ ಹತ್ತಿರ ಕ್ಷಮೆ ಕೇಳಲು ಜನ ದಿನಗಟ್ಟಲೆ ಸಾಲಿನಲ್ಲಿ ನಿಂತರು. ಕ್ಷಮೆಯ ವಿಷಯದಲ್ಲಿ ಅತಿ ಹೆಚ್ಚು ಭಯಪಟ್ಟವರೂ ಇವರೇ.

ಬಡವರಿಗೆ ಬಾಗಿಲು ತೆರೆದಿದ್ದ ಮನೆ

ಫ್ರಾನ್ಸ್ ದೇಶದ ಲಿಯೋನ್ ನಗರದ ಬಳಿ ದಾರ್ದಿಯಿ ಎಂಬ ಹಳ್ಳಿ. ಅಲ್ಲಿ 1786ರ ಮೇ 8ರಂದು ಜಾನ್ ಮರಿಯ ಹುಟ್ಟಿದರು. ತಂದೆ ಮತ್ತಾಯ ವಿಯಾನ್ನಿ, ತಾಯಿ ಮರಿಯ. ಬೇಸಾಯದ ಮನೆತನ, ಆರು ಮಕ್ಕಳು. ದಾರಿಹೋಕ ಬಡವರಿಗೆ ಊಟ ಹಾಕಿ ಮಲಗಲು ಜಾಗ ಕೊಡುವುದು ಆ ಮನೆಯ ಪದ್ಧತಿ. ಜಾನ್ ಹುಟ್ಟುವುದಕ್ಕೆ 16 ವರ್ಷ ಮೊದಲು, 1770ರಲ್ಲಿ, ಹರಿದ ಬಟ್ಟೆಯ ಒಬ್ಬ ಯಾತ್ರಿಕ ಆ ಮನೆಯಲ್ಲಿ ರಾತ್ರಿ ತಂಗಿದ್ದ. ಪುಣ್ಯಕ್ಷೇತ್ರದಿಂದ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲೇ ಅಲೆಯುತ್ತಿದ್ದ ಆ ಭಿಕ್ಷುಕನೇ ಸಂತ ಬೆನೆಡಿಕ್ಟ್ ಜೋಸೆಫ್ ಲಾಬ್ರೆ. ಅಜ್ಜ ಅನ್ನ ಹಾಕಿದ್ದು ಸಂತನಿಗೆ ಎಂದು ಮನೆಯವರಿಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಜಾನ್ ಮೂರು ವರ್ಷದ ಮಗುವಾಗಿದ್ದಾಗ, 1789ರಲ್ಲಿ, ಫ್ರಾನ್ಸಿನಲ್ಲಿ ಮಹಾಕ್ರಾಂತಿ ಶುರುವಾಯಿತು. ಸರ್ಕಾರ ಹೇಳಿದ ಪ್ರಮಾಣ ಸ್ವೀಕರಿಸದ ಗುರುಗಳನ್ನು ಹಿಡಿದು ಕೊಲ್ಲುವ ಕಾಲ ಬಂತು, ದೇವಾಲಯಗಳಿಗೆ ಬೀಗ ಬಿತ್ತು. ತಲೆಮರೆಸಿಕೊಂಡ ಗುರುಗಳು ರಾತ್ರಿ ಹೊತ್ತು ಯಾರದೋ ಕೊಟ್ಟಿಗೆಯಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರು. ವಿಯಾನ್ನಿ ಕುಟುಂಬ ಕತ್ತಲಲ್ಲಿ ನಡೆದು ಅಲ್ಲಿಗೆ ಹೋಗುತ್ತಿತ್ತು. ಜಾನ್ ತನ್ನ 11ನೇ ವಯಸ್ಸಿನಲ್ಲಿ ಮೊದಲ ಪಾಪನಿವೇದನೆ ಮಾಡಿದ್ದು ದೇವಾಲಯದಲ್ಲಿ ಅಲ್ಲ, ತಮ್ಮ ಮನೆಯಲ್ಲೇ, ಗೋಡೆ ಗಡಿಯಾರದ ಕೆಳಗೆ. 1799ರಲ್ಲಿ ಪ್ರಥಮ ಪರಮಪ್ರಸಾದ ಸ್ವೀಕರಿಸಿದ್ದು ಪಕ್ಕದ ಎಕ್ಯುಲಿಯ ಒಂದು ಮನೆಯಲ್ಲಿ. ಒಳಗಿನ ಮೇಣದಬತ್ತಿಯ ಬೆಳಕು ಬೀದಿಗೆ ಕಾಣಬಾರದು ಅಂತ ಕಿಟಕಿಗಳ ಮುಂದೆ ಹುಲ್ಲಿನ ಗಾಡಿಗಳನ್ನು ತಂದು ನಿಲ್ಲಿಸಿದ್ದರು. ಪ್ರಾಣಕ್ಕೆ ಹೆದರದೆ ಕ್ಷಮೆಯನ್ನು ಮನೆಬಾಗಿಲಿಗೆ ತಂದುಕೊಟ್ಟ ಆ ಗುರುಗಳ ನೆನಪೇ ಹುಡುಗನ ಮನಸ್ಸಿನಲ್ಲಿ ಗುರುವಾಗುವ ಆಸೆ ಬಿತ್ತಿತು.

ದಡ್ಡ ವಿದ್ಯಾರ್ಥಿ, ಓಡಿಹೋದ ಸಿಪಾಯಿ

ಆಸೆಯೇನೋ ಇತ್ತು, ಓದು ತಲೆಗೆ ಹತ್ತಲಿಲ್ಲ. ಹೊಲ ಉಳುತ್ತಾ ಬೆಳೆದವರು, ಸುಮಾರು ಇಪ್ಪತ್ತನೇ ವಯಸ್ಸಿನಲ್ಲಿ ಎಕ್ಯುಲಿಯ ಧರ್ಮಕೇಂದ್ರದ ಗುರು ಫಾದರ್ ಬ್ಯಾಲಿಯವರ ಹತ್ತಿರ ಚಿಕ್ಕ ಹುಡುಗರ ಜೊತೆ ಲ್ಯಾಟಿನ್ ಕಲಿಯಲು ಕೂತರು. ಒಂದು ದಿನ ಪಾಠ ಹೇಳಿಕೊಡುತ್ತಿದ್ದ ಮಥಿಯಾಸ್ ಲೋರಾಸ್ ಎಂಬ ಹುಡುಗ, ಇವರಿಗಿಂತ ಆರು ವರ್ಷ ಚಿಕ್ಕವನು, ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲವಲ್ಲ ಎಂದು ಸಿಟ್ಟಿಗೆದ್ದು ಎಲ್ಲರ ಮುಂದೆ ಇವರ ಕೆನ್ನೆಗೆ ಹೊಡೆದುಬಿಟ್ಟ. ರಟ್ಟೆಯಲ್ಲಿ ಬಲವಿದ್ದ ರೈತನ ಮಗ. ಕೈ ಎತ್ತಿದ್ದರೆ ಆ ಹುಡುಗ ಏಳುತ್ತಿರಲಿಲ್ಲ. ಆದರೆ ಜಾನ್ ಆ ಹುಡುಗನ ಮುಂದೆಯೇ ಮೊಣಕಾಲೂರಿ, ನಿನಗೆ ಬೇಸರ ಮಾಡಿದೆ, ಕ್ಷಮಿಸು ಎಂದು ಕೇಳಿದರು. ಹುಡುಗ ಅತ್ತುಬಿಟ್ಟ. ಅಂದಿನಿಂದ ಇಬ್ಬರೂ ಸ್ನೇಹಿತರು. ಮುಂದೆ ಅದೇ ಲೋರಾಸ್ ಅಮೆರಿಕಕ್ಕೆ ಹೋಗಿ ಡುಬ್ಯೂಕ್‌ನ ಮೊದಲ ಧರ್ಮಾಧ್ಯಕ್ಷರಾದರು.

ಓದು ಹತ್ತದೆ ಸೋತು ಹೋದ ಜಾನ್ ಆಗ ಮಾಡಿದ್ದು ನೀವು ಇಂದು ಮಾಡಿರುವುದನ್ನೇ, ಅಂದರೆ ಯಾತ್ರೆ. 1806ರಲ್ಲಿ ಲಾ ಲೂವೆಸ್ಕ್ ಎಂಬ ಬೆಟ್ಟದೂರಿನಲ್ಲಿರುವ ಸಂತ ಜಾನ್ ಫ್ರಾನ್ಸಿಸ್ ರೇಜಿಸರ ಸಮಾಧಿಗೆ ಸುಮಾರು 100 ಕಿಲೋಮೀಟರ್ ನಡೆದು ಹೋದರು. ಕಾಸು ಇಟ್ಟುಕೊಳ್ಳದೆ ಭಿಕ್ಷೆ ಬೇಡಿಯೇ ಹೋಗುತ್ತೇನೆ ಎಂಬ ಹರಕೆ. ದಾರಿಯ ಜನ ಇವರನ್ನು ಕಳ್ಳನೋ ಪುಂಡನೋ ಎಂದುಕೊಂಡು ಓಡಿಸಿದರು. ಬೆಟ್ಟದ ಮೇಲೆ ಪಾಪನಿವೇದನೆ ಕೇಳಿದ ಗುರು, ವಾಪಸು ಹೋಗುವಾಗ ಬೇಡಬೇಡ, ಕೈಲಾದದ್ದನ್ನು ಬಡವರಿಗೆ ಕೊಡುತ್ತಾ ಹೋಗು ಅಂತ ಹರಕೆ ಬದಲಾಯಿಸಿದರು. ಇವರು ಕೇಳಿಕೊಂಡಿದ್ದ ವರವೂ ಚಿಕ್ಕದೇ, ಗುರುವಾಗಲು ಸಾಕಾಗುವಷ್ಟು ವಿದ್ಯೆ. ಸಿಕ್ಕಿದ್ದೂ ಹೆಚ್ಚು ಕಡಿಮೆ ಅಷ್ಟೇ ಅನ್ನಬೇಕು!

1809ರಲ್ಲಿ ನೆಪೋಲಿಯನ್ ಚಕ್ರವರ್ತಿಯ ಸ್ಪೇನ್ ಯುದ್ಧಕ್ಕೆ ಇವರಿಗೂ ಕರೆ ಬಂತು. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. 1810ರ ಜನವರಿಯಲ್ಲಿ ಹೊರಡಬೇಕಾದ ಹೊತ್ತಿಗೆ ದೇವಾಲಯದಲ್ಲಿ ಪ್ರಾರ್ಥಿಸುತ್ತಾ ಕೂತುಬಿಟ್ಟು ದಂಡು ತಪ್ಪಿತು. ಹಿಂದಿನಿಂದ ಹೋಗಿ ಸೇರಿಕೊಳ್ಳಲು ಹೊರಟವರು ದಾರಿಯಲ್ಲಿ ಸಿಕ್ಕ ಅಪರಿಚಿತನೊಬ್ಬನ ಹಿಂದೆ ಹೋಗಿ ಲೆ ನೊಯೆ ಎಂಬ ಬೆಟ್ಟದ ಹಳ್ಳಿ ಮುಟ್ಟಿದರು. ದಂಡಿನ ಲೆಕ್ಕದಲ್ಲಿ ಈಗ ಇವರು ಓಡಿಹೋದ ಅಪರಾಧಿ. ಒಬ್ಬ ವಿಧವೆ ತಾಯಿ ಬಚ್ಚಿಟ್ಟುಕೊಂಡು ಮಗನಂತೆ ನೋಡಿಕೊಂಡಳು, ಇವರು ಬೇರೆ ಹೆಸರು ಇಟ್ಟುಕೊಂಡು ಮಕ್ಕಳಿಗೆ ಪಾಠ ಹೇಳಿದರು. ಒಮ್ಮೆ ಪೊಲೀಸರು ಹುಡುಕಿಕೊಂಡು ಬಂದಾಗ ಹಸಿ ಹುಲ್ಲಿನ ಮೆದೆಯೊಳಗೆ ಉಸಿರು ಕಟ್ಟಿ ಅಡಗಿದ್ದರು, ಹುಲ್ಲಿಗೆ ಚುಚ್ಚಿದ ಕತ್ತಿ ಮೈಗೆ ತಾಗಿತ್ತು. ಅದೇ ವರ್ಷ ಚಕ್ರವರ್ತಿಯ ಮದುವೆಯ ಸಂತೋಷಕ್ಕೆ ಇಂಥವರಿಗೆಲ್ಲ ಕ್ಷಮಾದಾನ ಘೋಷಣೆಯಾಯಿತು. ಇವರ ಬದಲಿಗೆ ತಮ್ಮ ದಂಡಿಗೆ ಹೋದ. ಊರಿಗೆ ಮರಳಿದ ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡರು. ಇದು ಸರಿಯೋ ತಪ್ಪೋ ಎಂದು ಚರಿತ್ರೆಕಾರರು ಈಗಲೂ ವಾದ ಮಾಡುತ್ತಾರೆ. ನಮಗೆ ಮುಖ್ಯವಾದದ್ದು ಒಂದೇ: ಲಕ್ಷಗಟ್ಟಲೆ ಜನರಿಗೆ ಕ್ಷಮೆ ನೀಡಿದ ಈ ಕೈಗಳು ಮೊದಲು ಕ್ಷಮೆ ಪಡೆದ ಕೈಗಳು.

ಗುರುಮಠದಲ್ಲಿ ಮತ್ತೆ ಅದೇ ಕಥೆ. ಲ್ಯಾಟಿನ್‌ನಲ್ಲಿ ಕೇಳಿದ ಪ್ರಶ್ನೆ ಅರ್ಥವಾಗಲಿಲ್ಲ, ಮನೆಗೆ ಕಳಿಸಿದರು. ಫಾದರ್ ಬ್ಯಾಲಿ ಬಿಡಲಿಲ್ಲ. ಫ್ರೆಂಚಿನಲ್ಲೇ ಪಾಠ ಹೇಳಿ ತಯಾರು ಮಾಡಿದರು, ಮೇಲಿನವರ ಹತ್ತಿರ ಹೋಗಿ ವಾದಿಸಿದರು. ಧರ್ಮಪ್ರಾಂತ್ಯದ ಅಧಿಕಾರಿ ಕೊನೆಗೆ ಕೇಳಿದ್ದು ಇಷ್ಟೇ: ಈತ ಭಕ್ತಿವಂತನೇ, ಜಪಸರ ಮಾಡುತ್ತಾನೆಯೇ. ಹೌದು ಎಂದಾಗ, ಮಿಕ್ಕದ್ದನ್ನು ದೇವರ ಕೃಪೆ ನೋಡಿಕೊಳ್ಳುತ್ತದೆ ಎಂದು ಒಪ್ಪಿಗೆ ಕೊಟ್ಟರು. 1815ರ ಆಗಸ್ಟ್ 13ರಂದು ಗ್ರೆನೋಬಲ್‌ನಲ್ಲಿ ಗುರುದೀಕ್ಷೆಯಾಯಿತು. ವಯಸ್ಸು 29. ಬಂಧುಬಳಗ ಯಾರೂ ಇಲ್ಲ, ಒಬ್ಬರೇ ನಡೆದು ಹೋಗಿದ್ದರು.

ಆದರೂ ಮೇಲಿನವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಬಲಿಪೂಜೆ ಅರ್ಪಿಸಬಹುದು, ಪಾಪನಿವೇದನೆ ಮಾತ್ರ ಕೇಳಕೂಡದು ಎಂದು ಕೆಲವು ತಿಂಗಳು ತಡೆಹಿಡಿದರು. ಮುಂದೆ ದಿನಕ್ಕೆ 16 ತಾಸು ಅದನ್ನೇ ಮಾಡಿದ ಮನುಷ್ಯನಿಗೆ! ಅಪ್ಪಣೆ ಸಿಕ್ಕಿದ ಮೇಲೆ ಇವರ ಮುಂದೆ ಮೊಣಕಾಲೂರಿ ಮೊದಲು ಪಾಪನಿವೇದನೆ ಮಾಡಿದವರು ಇವರ ಗುರುಗಳೇ, ಫಾದರ್ ಬ್ಯಾಲಿ.

ಕಟ್ಟುನಿಟ್ಟಿನ ಗುರು

1818ರ ಫೆಬ್ರವರಿಯಲ್ಲಿ ಇವರನ್ನು ಆರ್ಸ್ ಎಂಬ ಹಳ್ಳಿಗೆ ಕಳಿಸಿದರು. ಸುಮಾರು 230 ಜನ. ಮಂಜಿನಲ್ಲಿ ದಾರಿ ತಪ್ಪಿ, ಕುರಿ ಕಾಯುವ ಹುಡುಗನೊಬ್ಬನನ್ನು ಕೇಳಿಕೊಂಡು ಊರು ಸೇರಿದರು. ಆರ್ಸಿಗೆ ದಾರಿ ತೋರಿಸಿದೆಯಲ್ಲ, ನಿನಗೆ ನಾನು ಸ್ವರ್ಗದ ದಾರಿ ತೋರಿಸುತ್ತೇನೆ ಎಂದು ಆ ಹುಡುಗನಿಗೆ ಹೇಳಿದರಂತೆ. ಆ ಜಾಗದಲ್ಲಿ ಈಗ ಸ್ಮಾರಕವಿದೆ.

ಊರಿನ ಜನ ಕೆಟ್ಟವರೇನಲ್ಲ. ಕ್ರಾಂತಿಯ ಗದ್ದಲದಲ್ಲಿ ಧರ್ಮದ ಅಭ್ಯಾಸ ತಪ್ಪಿಹೋಗಿತ್ತು ಅಷ್ಟೇ. ಭಾನುವಾರವೂ ಹೊಲದ ಕೆಲಸ, ಸಂಜೆಯಾದರೆ ಹೆಂಡದಂಗಡಿ, ಕುಣಿತ. ಹೊಸ ಗುರು ಬೆಳಗಿನ ಜಾವವೇ ಎದ್ದು ದೇವಾಲಯದಲ್ಲಿ ಸಾಷ್ಟಾಂಗ ಬಿದ್ದು ಊರಿಗಾಗಿ ಅಳುತ್ತಿದ್ದರು. ವಾರಕ್ಕಾಗುವಷ್ಟು ಆಲೂಗಡ್ಡೆ ಒಮ್ಮೆಗೇ ಬೇಯಿಸಿಟ್ಟುಕೊಂಡು, ಬೂಷ್ಟು ಹಿಡಿದರೂ ಅದನ್ನೇ ತಿನ್ನುತ್ತಿದ್ದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಸಂತರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇದನ್ನು ಬೇಗ ದಾಟಿ ಮುಂದೆ ಹೋಗುತ್ತಾರೆ. ಆ ಮೊದಲ ವರ್ಷಗಳಲ್ಲಿ ಫಾದರ್ ವಿಯಾನ್ನಿ ಬಹಳ ಕಠಿಣವಾಗಿದ್ದರು. ಅವರ ಪ್ರಬೋಧನೆಗಳಲ್ಲಿ ನರಕದ ಬೆಂಕಿಯೇ ಹೆಚ್ಚು. ಕುಣಿತಕ್ಕೆ ಹೋಗುತ್ತಿದ್ದ ಹುಡುಗಿಯರಿಗೆ, ಇನ್ನು ಹೋಗುವುದಿಲ್ಲ ಎಂದು ಸಾಧಿಸಿ ತೋರಿಸುವ ತನಕ, ತಿಂಗಳು ವರ್ಷಗಳ ಕಾಲ ಪಾಪವಿಮೋಚನೆ ಕೊಡದೆ ಕಾಯಿಸಿದರು. ದೇವಾಲಯದಲ್ಲಿ ಸ್ನಾನಿಕ ಯೊವಾನ್ನರಿಗೆ ಒಂದು ಚಿಕ್ಕ ಪ್ರಾರ್ಥನಾಮಂದಿರ ಕಟ್ಟಿಸಿ, ಅದರ ಕಮಾನಿನ ಮೇಲೆ ಈ ಸಂತನ ತಲೆ ಹೋದದ್ದು ಒಂದು ಕುಣಿತದ ಬೆಲೆಗೆ ಎಂಬ ಅರ್ಥದ ಬರಹ ಬರೆಸಿದರು. ಆ ಕಾಲದ ಫ್ರಾನ್ಸಿನಲ್ಲಿ ಗುರುಮಠಗಳು ಕಲಿಸಿದ್ದೇ ಹಾಗೆ: ಕ್ಷಮೆ ಸುಲಭವಾಗಿ ಸಿಕ್ಕಿದರೆ ಜನ ಹಗುರ ಮಾಡುತ್ತಾರೆ ಅಂತ.

ವಿರೋಧವೂ ಬಂತು. ಹೆಸರಿಲ್ಲದ ಕಾಗದಗಳು ಬಂದವು. ಮದುವೆಯಾಗದ ಹುಡುಗಿಯೊಬ್ಬಳು ಹೆತ್ತಾಗ ಆ ಅಪವಾದವನ್ನೂ ಇವರ ಮೇಲೆ ಹೊರಿಸಿ, ಮನೆಯ ಬಾಗಿಲಿಗೆ ಹೊಲಸು ಬಳಿದರು. ಇವರು ಯಾರ ಮೇಲೂ ದೂರು ಕೊಡಲಿಲ್ಲ. ಯಾರು ಬರೆದರು ಅಂತ ತಿಳಿದಾಗಲೂ ಅವರಿಗೆ ಉಪಕಾರವನ್ನೇ ಮಾಡಿದರು. ಸುತ್ತಲಿನ ಗುರುಗಳಲ್ಲಿ ಕೆಲವರು, ಇಷ್ಟು ಓದಿಲ್ಲದವನು ಪಾಪನಿವೇದನೆ ಕೇಳುವುದು ಸರಿಯಲ್ಲ ಎಂದು ಧರ್ಮಾಧ್ಯಕ್ಷರಿಗೆ ಅರ್ಜಿ ಬರೆದು ಕೈಯಿಂದ ಕೈಗೆ ದಾಟಿಸಿ ಸಹಿ ಹಾಕಿಸುತ್ತಿದ್ದರು. ಅದು ತಪ್ಪಿ ಇವರ ಕೈಗೇ ಬಂತು. ಓದಿ ನೋಡಿದರು, ಬರೆದದ್ದು ನಿಜ ಅನ್ನಿಸಿತು, ತಾವೂ ಸಹಿ ಹಾಕಿ ಕಳಿಸಿದರು.

ಬಾಗಿಲು ಅಗಲವಾದದ್ದು

ಸುಮಾರು 1827ರಿಂದ ಹೊರಗಿನ ಜನ ಆರ್ಸಿಗೆ ಬರತೊಡಗಿದರು. ಆ ಜನರ ಕಥೆಗಳನ್ನು ಕೇಳುತ್ತಾ ಕೇಳುತ್ತಾ ಗುರುವಿನ ಮನಸ್ಸೇ ಕರಗಿತು ಎನ್ನಬೇಕು. ಅವರ ಧರ್ಮಾಧ್ಯಕ್ಷರಾದ ದೇವಿಯವರು ಮೃದುವಾಗಿರಲು ಸಲಹೆ ಕೊಟ್ಟರು. ಪಾಪಿಯನ್ನು ಕಾಯಿಸುವುದಕ್ಕಿಂತ ಎತ್ತಿ ನಿಲ್ಲಿಸುವುದು ಮೇಲು ಎಂದು ಕಲಿಸಿದ ಸಂತ ಅಲ್ಫೋನ್ಸ್ ಲಿಗೋರಿಯವರ ಬೋಧನೆಯೂ ಆಗ ಫ್ರಾನ್ಸಿಗೆ ಬಂದು ಇವರ ಕೈ ಸೇರಿತು. ಹಿಂದೆ ತಿಂಗಳುಗಟ್ಟಲೆ ಕಾಯಿಸುತ್ತಿದ್ದವರು ಈಗ ಒಂದು ನಿಜವಾದ ಕಣ್ಣೀರು ಸಾಕು ಎಂದರು. ದೊಡ್ಡ ಪಾಪಿಗೂ ಚಿಕ್ಕ ಪ್ರಾಯಶ್ಚಿತ್ತವನ್ನೇ ಕೊಡುತ್ತಿದ್ದರು. ಮಿಕ್ಕದ್ದನ್ನು ಅವರ ಪರವಾಗಿ ನಾನು ಮಾಡುತ್ತೇನೆ ಎಂದು ಒಬ್ಬ ಗುರುವಿಗೆ ಹೇಳಿದ್ದರು, ಮತ್ತು ಮಾಡುತ್ತಿದ್ದರು: ಉಪವಾಸ, ಜಾಗರಣೆ, ಬೆನ್ನಿಗೆ ಚಾಟಿ.

ಹೆಂಗಸರ ಪಾಪನಿವೇದನೆ ಕೇಳಲು ಕೂರುತ್ತಿದ್ದದ್ದು ಆ ಸ್ನಾನಿಕ ಯೊವಾನ್ನರ ಮಂದಿರದಲ್ಲೇ. ಮೇಲೆ ಕುಣಿತವನ್ನು ಬೈಯುವ ಹಳೆಯ ಬರಹ, ಕೆಳಗೆ ಯಾರನ್ನೂ ಬರಿಗೈಯಲ್ಲಿ ಕಳಿಸದ ಗುರು.

ದಿನಚರಿ ಹೀಗಿತ್ತು. ರಾತ್ರಿ ಒಂದು ಗಂಟೆಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಲಾಟೀನು ಹಿಡಿದು ಬಂದು ಗಂಟೆ ಬಾರಿಸುವರು. ಬೆಳಗಿನವರೆಗೆ ಹೆಂಗಸರ ಪಾಪನಿವೇದನೆ, ಬಲಿಪೂಜೆ, ಆಮೇಲೆ ಪೂಜಾವಸ್ತ್ರದ ಕೋಣೆಯಲ್ಲಿ ಗಂಡಸರದು. 11 ಗಂಟೆಗೆ ಧರ್ಮೋಪದೇಶ. ಊಟಕ್ಕೆ ಕೆಲವೇ ನಿಮಿಷ, ಅದೂ ನಿಂತುಕೊಂಡೇ. ಕಾಯಿಲೆಯವರನ್ನು ನೋಡಿ ಬಂದು ಮತ್ತೆ ರಾತ್ರಿಯವರೆಗೆ ಪೀಠ. ಚಳಿಗಾಲದಲ್ಲಿ 11, 12 ತಾಸು, ಬೇಸಿಗೆಯಲ್ಲಿ 16. ಕೊನೆಯ ವರ್ಷಗಳಲ್ಲಿ ವರ್ಷಕ್ಕೆ 80,000ದಿಂದ 1 ಲಕ್ಷ ಯಾತ್ರಿಕರು ಬರುತ್ತಿದ್ದರೆಂದು ಅಂದಾಜು. ಲಿಯೋನ್ ರೈಲು ನಿಲ್ದಾಣದಲ್ಲಿ ಆರ್ಸ್ ಯಾತ್ರಿಕರಿಗೆಂದೇ ಬೇರೆ ಟಿಕೆಟ್ ಕಿಟಕಿ. ಹೋಗಿ ಬರುವ ಟಿಕೆಟ್ಟಿಗೆ ಎಂಟು ದಿನ ಅವಧಿ ಕೊಡುತ್ತಿದ್ದರು, ಯಾಕೆಂದರೆ ಸರದಿ ಬರಲು ಅಷ್ಟು ದಿನ ಹಿಡಿಯುತ್ತದೆ ಎಂದು ರೈಲ್ವೆಯವರಿಗೂ ಗೊತ್ತಿತ್ತು.

ಒಬ್ಬ ಮುದುಕ ಬಂದ. ಪಾಪನಿವೇದನೆ ಮಾಡಿ ಎಷ್ಟು ಕಾಲವಾಯಿತು ಎಂದು ಕೇಳಿದಾಗ, ನಲವತ್ತು ವರ್ಷ ಅಂದ. ಅಲ್ಲ, ನಲವತ್ನಾಲ್ಕು ಎಂದರು ಗುರುಗಳು. ಅವನು ಪೆನ್ಸಿಲ್ ತೆಗೆದು ಗೋಡೆಯ ಮೇಲೆಯೇ ಲೆಕ್ಕ ಹಾಕಿ ನೋಡಿದ. ನಲವತ್ನಾಲ್ಕೇ ಆಗಿತ್ತು. ನಲವತ್ನಾಲ್ಕು ವರ್ಷ ಎಲ್ಲಿ ಹೋಗಿದ್ದೆ ಅಂತ ಗುರುಗಳು ಗದರಿಸಲಿಲ್ಲ. ಇನ್ನೊಬ್ಬ ತನ್ನ ಪಾಪಗಳನ್ನು ಲೆಕ್ಕಪತ್ರ ಓದಿದ ಹಾಗೆ ಒಣದನಿಯಲ್ಲಿ ಹೇಳುತ್ತಿದ್ದ. ತಲೆಯೆತ್ತಿ ನೋಡಿದರೆ ಗುರುಗಳು ಅಳುತ್ತಿದ್ದಾರೆ. ಯಾಕೆ ಅಂತ ಕೇಳಿದ. ನೀನು ಅಳುತ್ತಿಲ್ಲವಲ್ಲ, ಅದಕ್ಕೆ ನಾನು ಅಳುತ್ತಿದ್ದೇನೆ ಎಂದರು.

ಎಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕಾದದ್ದು ಆ ವಿಧವೆಯ ಕಥೆ. ಧರ್ಮದ ಗೊಡವೆ ಇಲ್ಲದ ಅವಳ ಗಂಡ ಸೇತುವೆಯಿಂದ ನದಿಗೆ ಹಾರಿ ಪ್ರಾಣ ಕಳೆದುಕೊಂಡಿದ್ದ. ಆ ಕಾಲದಲ್ಲಿ ಆತ್ಮಹತ್ಯೆ ಎಂದರೆ ಗತಿಯೇ ಇಲ್ಲ ಎಂಬ ಭಾವನೆ. ಸತ್ತವನಿಗಾಗಿ ಬಾಯಿಬಿಟ್ಟು ಪ್ರಾರ್ಥಿಸಲೂ ಹೆಂಡತಿಗೆ ಧೈರ್ಯವಿಲ್ಲ. ಅವಳು ಆರ್ಸಿಗೆ ಬಂದಳು, ಜನರ ನೂಕುನುಗ್ಗಲಿನಲ್ಲಿ ನಿಂತಿದ್ದಳು. ದಾಟಿಹೋಗುತ್ತಿದ್ದ ಗುರುಗಳು, ಅವಳು ಬಾಯಿ ತೆರೆಯುವ ಮೊದಲೇ, ಬಾಗಿ ಅವಳ ಕಿವಿಯಲ್ಲಿ ಹೇಳಿದರು: ಅವನಿಗೆ ರಕ್ಷಣೆ ಸಿಕ್ಕಿದೆ. ಅವಳು ನಂಬಲಿಲ್ಲ, ತಲೆ ಅಲ್ಲಾಡಿಸಿದಳು. ಆಗ ಅವರು ಬಿಡಿಸಿ ಹೇಳಿದರು. ಸೇತುವೆಯ ಕಟ್ಟೆಗೂ ನೀರಿಗೂ ನಡುವೆ ಅವನಿಗೆ ಪಶ್ಚಾತ್ತಾಪ ಪಡುವಷ್ಟು ಸಮಯ ಸಿಕ್ಕಿತು. ಮೇ ತಿಂಗಳಲ್ಲಿ ನೀನು ಮಾತೆ ಮರಿಯಮ್ಮನವರ ಮುಂದೆ ಪ್ರಾರ್ಥಿಸುವಾಗ ಅವನೂ ಒಮ್ಮೊಮ್ಮೆ ಜೊತೆಗೂಡಿದ್ದ, ಆ ತಾಯಿಯೇ ಅವನಿಗೆ ಆ ಕೃಪೆ ದೊರಕಿಸಿಕೊಟ್ಟಳು. ಅವನು ಶುದ್ಧೀಕರಣ ಸ್ಥಳದಲ್ಲಿದ್ದಾನೆ, ಅವನಿಗಾಗಿ ಪ್ರಾರ್ಥಿಸು. ಕಟ್ಟೆಯಿಂದ ನೀರಿಗೆ ಎಷ್ಟು ಹೊತ್ತು? ಒಂದು ಉಸಿರು, ಎರಡು ಉಸಿರು. ಅಷ್ಟೇ ಜಾಗದಲ್ಲಿ ದೇವರು ಕೈ ಚಾಚಿದ್ದರು ಎಂದು ಹೇಳಿದವರು, ಹಿಂದೆ ಕುಣಿದ ಹುಡುಗಿಗೆ ವರ್ಷಗಟ್ಟಲೆ ಪಾಪವಿಮೋಚನೆ ಕೊಡದಿದ್ದ ಅದೇ ಗುರು.

ಮೂರು ಸಲ ಓಡಿಹೋದವರು

ಬೇರೆಯವರಿಗೆ ಇಷ್ಟು ಧೈರ್ಯ ಕೊಟ್ಟವರಿಗೆ ತಮ್ಮ ವಿಷಯದಲ್ಲಿ ಮಾತ್ರ ಧೈರ್ಯವಿರಲಿಲ್ಲ. ಇಷ್ಟು ಆತ್ಮಗಳ ಹೊಣೆ ಹೊತ್ತ ನಾನು, ಏನೂ ತಿಳಿಯದ ನಾನು, ದೇವರ ಮುಂದೆ ಹೇಗೆ ನಿಲ್ಲಲಿ ಎಂಬ ಭಯ ಅವರನ್ನು ಬಿಡಲೇ ಇಲ್ಲ. ಎಲ್ಲಾದರೂ ಮಠ ಸೇರಿ ತನ್ನ ಪಾಪಗಳಿಗಾಗಿ ಅಳುತ್ತಾ ಸಾಯಬೇಕು ಎಂದು 1840ರಲ್ಲಿ, 1843ರಲ್ಲಿ, 1853ರಲ್ಲಿ ಊರು ಬಿಟ್ಟು ಹೊರಟರು. ಮೊದಲ ಸಲ ಅರ್ಧ ದಾರಿಯಿಂದ ತಾವೇ ಮರಳಿದರು. ಎರಡನೇ ಸಲ ದಾರ್ದಿಯಿಯ ಅಣ್ಣನ ಮನೆ ಸೇರಿದರೆ, ಯಾತ್ರಿಕರು ಅಲ್ಲಿಗೂ ಹುಡುಕಿಕೊಂಡು ಬಂದರು. ಮೂರನೇ ಸಲ ಊರಿನವರು ಅಪಾಯದ ಗಂಟೆ ಬಾರಿಸಿ, ದಾರಿಗೆ ಅಡ್ಡ ನಿಂತು, ಪ್ರಾರ್ಥನೆ ಪುಸ್ತಕವನ್ನೇ ಕಿತ್ತಿಟ್ಟುಕೊಂಡರು. ಇಷ್ಟು ಪಾಪಿಗಳನ್ನು ಯಾರ ಕೈಯಲ್ಲಿ ಬಿಟ್ಟು ಹೋಗುತ್ತೀರಿ ಎಂದು ಕೇಳಿದರು. ಆ ಮಾತಿಗೆ ಉತ್ತರ ಇರಲಿಲ್ಲ. ನೇರವಾಗಿ ಹೋಗಿ ಪೀಠದಲ್ಲಿ ಕೂತರು.

ಅದೇ ವರ್ಷಗಳಲ್ಲಿ ಜೊತೆಗಿದ್ದ ಸಹಾಯಕ ಗುರು, ಎಲ್ಲರೆದುರು ಇವರನ್ನು ಬೈದು, ತಾನೇ ಯಜಮಾನನಂತೆ ನಡೆದುಕೊಳ್ಳುತ್ತಿದ್ದ. ಎಂಟು ವರ್ಷ ಸಹಿಸಿದರು, ಅವನನ್ನು ತೆಗೆಯಬೇಡಿ ಎಂದು ಧರ್ಮಾಧ್ಯಕ್ಷರಿಗೆ ಬರೆದರು. 1855ರಲ್ಲಿ ಫ್ರಾನ್ಸ್ ಸರ್ಕಾರ ಲೀಜನ್ ಆಫ್ ಆನರ್ ಪದಕ ಕೊಟ್ಟಿತು, ಅವರು ಅದನ್ನು ಧರಿಸಲಿಲ್ಲ. ನೆಪೋಲಿಯನ್ನನ ದಂಡು ಬಿಟ್ಟು ಓಡಿದವನಿಗೆ ಪದಕ ಬಂದದ್ದು ಇನ್ನೊಬ್ಬ ನೆಪೋಲಿಯನ್ ಚಕ್ರವರ್ತಿಯ ಆಳ್ವಿಕೆಯಲ್ಲಿ.

1859ರ ಬೇಸಿಗೆ ಬಹಳ ಬಿಸಿಲು. ಜುಲೈ 29ರ ರಾತ್ರಿ ಪೀಠದಿಂದ ಎದ್ದು ಬಂದವರು ಹಾಸಿಗೆ ಹಿಡಿದರು. ವೈದ್ಯರನ್ನು ಕರೆಸುತ್ತೇವೆ ಎಂದರೆ ಇನ್ನು ಪ್ರಯೋಜನವಿಲ್ಲ ಎಂದರು. ಪಾಪನಿವೇದನೆ ಅರ್ಧಕ್ಕೆ ನಿಂತಿದ್ದ ಕೆಲವರನ್ನು ಒಳಗೆ ಬಿಡಿಸಿಕೊಂಡು ಮಲಗಿದ್ದಲ್ಲಿಂದಲೇ ಕೇಳಿ ಮುಗಿಸಿದರು. ತಮ್ಮ ಪಾಪನಿವೇದನೆಯನ್ನೂ ಮಾಡಿದರು. ಪರಮಪ್ರಸಾದವನ್ನು ತರುತ್ತಿರುವ ಗಂಟೆಯ ಸದ್ದು ಕೇಳಿದಾಗ ಕಣ್ಣಲ್ಲಿ ನೀರು ಬಂತು. ನಾವು ಹೋಗಲಾರದಾಗ ಸ್ವಾಮಿಯೇ ನಮ್ಮ ಬಳಿಗೆ ಬರುತ್ತಾರಲ್ಲ, ಎಷ್ಟು ಒಳ್ಳೆಯವರು ಎಂದು ಹೇಳಿದರು. ಜೀವಮಾನವೆಲ್ಲ ಹೆದರಿದ ಮನುಷ್ಯ ಆ ದಿನಗಳಲ್ಲಿ ಹೆದರಲಿಲ್ಲ ಎಂದು ಹತ್ತಿರವಿದ್ದವರು ಸಾಕ್ಷಿ ಹೇಳಿದ್ದಾರೆ. ಆಗಸ್ಟ್ 4ರ ಬೆಳಗಿನ ಜಾವ ಎರಡು ಗಂಟೆಗೆ, ಅಂದರೆ ದಿನವೂ ಪೀಠದಲ್ಲಿ ಕೂತಿರುತ್ತಿದ್ದ ಹೊತ್ತಿಗೆ, ಸದ್ದಿಲ್ಲದೆ ಪ್ರಾಣ ಹೋಯಿತು. ವಯಸ್ಸು 73.

1925ರ ಮೇ 31ರಂದು ಜಗದ್ಗುರು ಹನ್ನೊಂದನೇ ಪಿಯುಸರು ಇವರಿಗೆ ಸಂತ ಪದವಿ ನೀಡಿದರು. 1929ರಲ್ಲಿ ಲೋಕದ ಎಲ್ಲ ಧರ್ಮಕೇಂದ್ರಗಳ ಗುರುಗಳ ಪಾಲಕ ಸಂತರೆಂದು ಸಾರಿದರು. ಅವರು ತೀರಿಕೊಂಡು 150 ವರ್ಷ ತುಂಬಿದ 2009ರಲ್ಲಿ ಧರ್ಮಸಭೆ ಯಾಜಕರ ವರ್ಷವನ್ನು ಆಚರಿಸಿತು. ಹಬ್ಬ ಆಗಸ್ಟ್ 4. ಆರ್ಸಿನಲ್ಲಿ ಅವರ ಶರೀರವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹಳೆಯ ದೇವಾಲಯದಲ್ಲಿ ಸ್ನಾನಿಕ ಯೊವಾನ್ನರ ಮಂದಿರ ಹಾಗೆಯೇ ಇದೆ, ಅವರು ಕೂರುತ್ತಿದ್ದ ಮರದ ಪೀಠವೂ ಇದೆ.